ಫೋಟೋದಲ್ಲಿ ಎರಡು ಕಾರಿದ್ದರೆ ಸ್ಪೀಡ್ ಯಾರದ್ದು?

ಪ್ರಶ್ನೆ: ಮೇಡಂ, ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2013ರ ಆಲ್ಟೊ ಕಾರು ಇಟ್ಟುಕೊಂಡಿದ್ದೇನೆ. ಮಾರ್ಚ್ 3ರಂದು ಹೆಂಡತಿಯ ಜೊತೆ ಮಗಳ ಮನೆಯಿಂದ ಹೈವೇಯಲ್ಲಿ ವಾಪಸ್ ಬರುತ್ತಿದ್ದೆ. ಏಪ್ರಿಲ್ 9ಕ್ಕೆ ಮೊಬೈಲ್‌ಗೆ ಮೆಸೇಜ್ ಬಂತು. ಗಂಟೆಗೆ 118 ಕಿ.ಮೀ. ವೇಗದಲ್ಲಿ ಹೋಗಿದ್ದೇನಂತೆ, ಸಾವಿರ ರೂಪಾಯಿ ದಂಡವಂತೆ. ನನ್ನ ಕಾರು 90 ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಹೆಂಡತಿ ಬೈಯುತ್ತಾಳೆ. ಚಲನ್ ಜೊತೆಗಿನ ಫೋಟೋ ತೆಗೆದು ನೋಡಿದರೆ ನನ್ನ ಕಾರಿನ ಪಕ್ಕದಲ್ಲೇ ಒಂದು ದೊಡ್ಡ ಬಿಳಿ ಗಾಡಿ ಓವರ್‌ಟೇಕ್ ಮಾಡುತ್ತಿದೆ. ಪ್ರಿಂಟ್ ಕಳಿಸಿದ್ದೇನೆ. ಕಟ್ಟಿ ಸುಮ್ಮನಾಗಿ ಅಂತ ಮಗ ಹೇಳುತ್ತಾನೆ. ನನಗೆ ಮನಸ್ಸಿಲ್ಲ. ಕೋರ್ಟಿಗೆ ಹೋಗಬಹುದಾ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಪ್ರಿಂಟ್ ವಿಷಯ. ಒಮ್ಮೆ ನೋಡಿದೆ, ಕನ್ನಡಕ ಬದಲಿಸಿ ಇನ್ನೊಮ್ಮೆ ನೋಡಿದೆ. ಫೋಟೋದ ನಡುವೆ ಸಣ್ಣ ಪ್ಲಸ್ ಗುರುತು ಇದೆ, ಗಮನಿಸಿದಿರಾ? ವೇಗ ಅಳೆಯುವ ಲೇಸರ್ ಗನ್ ಹಿಡಿದವರು ಯಾವ ಗಾಡಿಗೆ ಗುರಿಯಿಟ್ಟಿದ್ದರು ಅಂತ ಹೇಳುವುದು ಆ ಗುರುತು. ಅದು ನಿಮ್ಮ ಆಲ್ಟೊ ಮೇಲಿಲ್ಲ. ಬಿಳಿ ಗಾಡಿಯ ಹೆಡ್‌ಲೈಟ್ ಹತ್ತಿರ ಇದೆ. ಆ ಗಾಡಿಯ ನಂಬರ್ ಪ್ಲೇಟ್ ಬಿಸಿಲಿಗೆ ಹೊಳೆದು ಬರೀ ಬೆಳ್ಳಗೆ ಕಾಣುತ್ತಿದೆ. ನಿಮ್ಮದು ಮಾತ್ರ ಅಚ್ಚು ಹೊಡೆದ ಹಾಗಿದೆ. ಓದಲು ಸಿಕ್ಕಿದ್ದು ನಿಮ್ಮ ನಂಬರ್, ಚಲನ್ ಬಂದಿದ್ದು ನಿಮ್ಮ ಮನೆಗೆ. ನಡೆದದ್ದು ಹೀಗೇ ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ನೋಡಿದ ತಕ್ಷಣ ಬರುವ ಅನುಮಾನ ಇದು.

ಫೋಟೋ ಕೆಳಗೆ ದೂರ 212 ಮೀಟರ್ ಅಂತ ಇದೆ. ಲೇಸರ್ ಕಿರಣ ಅಷ್ಟು ದೂರದಲ್ಲೂ ಸುಮಾರು ಎರಡು ಅಡಿಯಷ್ಟೇ ಹರಡುತ್ತದೆ. ಹಾಗಾಗಿ ಗುರುತು ಯಾವ ಗಾಡಿ ಮೇಲಿದೆಯೋ ಸ್ಪೀಡ್ ಆ ಗಾಡಿಯದ್ದು ಅಂತ ವಾದ ಮಾಡಬಹುದು. ರೇಡಾರ್ ಆಗಿದ್ದರೆ ಅದರ ಕಿರಣ ಅಷ್ಟು ದೂರಕ್ಕೆ ಇಡೀ ರಸ್ತೆಯಷ್ಟು ಅಗಲ ಆಗಿರುತ್ತದೆ. ಆಗ ಎರಡು ಗಾಡಿ ಇರುವ ಫೋಟೋ ಇನ್ನೂ ಅನುಮಾನದ್ದು. ಯಾವ ಯಂತ್ರ ಅಂತ ಮೊದಲು ತಿಳಿದುಕೊಳ್ಳಿ.

ಯಂತ್ರಕ್ಕೆ ಯಾಕಿಷ್ಟು ಒತ್ತು ಕೊಡುತ್ತೇನೆ ಅಂದರೆ, ಮೋಟಾರು ವಾಹನ ಕಾಯ್ದೆಯ 183ನೇ ಕಲಂನಲ್ಲೇ ಅದು ಇದೆ. ‘ಜೋರಾಗಿ ಹೋಗ್ತಿದ್ದ ಸ್ವಾಮಿ’ ಅಂತ ಒಬ್ಬ ಸಾಕ್ಷಿ ಅಂದಾಜಿನಲ್ಲಿ ಹೇಳಿದರೆ ಅಷ್ಟರ ಮೇಲೆ ಶಿಕ್ಷೆ ಕೊಡುವಂತಿಲ್ಲ. ಆ ಅಂದಾಜು ಯಂತ್ರದ ಅಳತೆಯಿಂದ ಬಂದಿರಬೇಕು. ಅಂದರೆ ಸ್ಪೀಡ್ ಕೇಸಿನಲ್ಲಿ ನಿಮ್ಮ ಎದುರಾಳಿ ಪೊಲೀಸಪ್ಪ ಅಲ್ಲ, ಆ ಯಂತ್ರ ಮತ್ತು ಅದರ ಕಾಗದ. ಇಪ್ಪತ್ತೆಂಟು ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕಪ್ಪು ಕೋಟು ಹಾಕಿ ಓಡಾಡಿದ್ದೇನೆ. ಜನ ತಮ್ಮ ಒಳ್ಳೆಯತನದ ಬಗ್ಗೆ ವಾದ ಮಾಡುತ್ತಾರೆ. ‘ನಾನು ಯಾವತ್ತೂ ಫಾಸ್ಟ್ ಹೋಗೋನಲ್ಲ’, ‘ಎಲ್ಲರೂ ಅದೇ ಸ್ಪೀಡಲ್ಲಿ ಹೋಗ್ತಿದ್ರು’, ‘ರೋಡ್ ಖಾಲಿ ಇತ್ತು’. ಇದರಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಎರಡನೆಯದಂತೂ ತಪ್ಪೊಪ್ಪಿಗೆಯೇ.

ಕಾಗದ ಅಂದೆನಲ್ಲ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅನ್ನುವ ನಿಯಮ ಸೇರಿಸಿದರು. ವೇಗ ಅಳೆಯುವ ಕ್ಯಾಮೆರಾ, ಸ್ಪೀಡ್ ಗನ್ ಎಲ್ಲ ಅದರಡಿ ಬರುತ್ತವೆ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ರಾಜ್ಯ ಸರ್ಕಾರ ಗೊತ್ತುಮಾಡಿದ ಅಧಿಕಾರಿಯ ಸರ್ಟಿಫಿಕೇಟ್ ಇರಬೇಕು, ಅದನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. ಕ್ಯಾಮೆರಾ ಇರುವ ಜಾಗಕ್ಕೆ ಮೊದಲೇ ಎಚ್ಚರಿಕೆ ಬೋರ್ಡ್ ಕಾಣಬೇಕು. ನೋಟಿಸು 15 ದಿನದೊಳಗೆ ಕಳಿಸಬೇಕು. ಇದಲ್ಲದೆ ಕಾಯ್ದೆಯ 209ನೇ ಕಲಂ ಕೂಡ ಇದೆ. ಸ್ಪೀಡ್ ಕೇಸಿನಲ್ಲಿ ಆ ಜಾಗದಲ್ಲೇ ತಡೆದು ಕೇಸ್ ಹಾಕಬಹುದು ಅಂತ ಹೇಳಿರಬೇಕು, ಇಲ್ಲವೇ 14 ದಿನದಲ್ಲಿ ನೋಟಿಸು ಕೊಟ್ಟಿರಬೇಕು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿರಬೇಕು, ಅದೂ ಇಲ್ಲ ಅಂದರೆ 28 ದಿನದೊಳಗೆ ಸಮನ್ಸ್ ಜಾರಿ ಆಗಿರಬೇಕು. ಮೂರರಲ್ಲಿ ಒಂದೂ ಆಗದಿದ್ದರೆ ಶಿಕ್ಷೆ ಕೊಡುವಂತಿಲ್ಲ. ನಿಮ್ಮನ್ನು ಯಾರೂ ತಡೆಯಲಿಲ್ಲ. ಮೆಸೇಜ್ ಬಂದಿದ್ದು 37ನೇ ದಿನ.

ಇಲ್ಲಿ ತಕ್ಷಣ ಖುಷಿಪಡಬೇಡಿ. ನಿಮ್ಮ ಆರ್‌ಸಿಯಲ್ಲಿ ಯಾವ ಮೊಬೈಲ್ ನಂಬರ್ ಇದೆ, ಯಾವ ವಿಳಾಸ ಇದೆ? 2013ರಲ್ಲಿ ಶೋರೂಮಿನವರು ಯಾವುದೋ ನಂಬರ್ ಹಾಕಿ, ನೀವು ಆಮೇಲೆ ಮನೆ ಬದಲಿಸಿ, ನೋಟಿಸು ಹಳೇ ಬಾಡಿಗೆ ಮನೆಯ ಗೇಟಿನಲ್ಲಿ ಸಿಕ್ಕಿಕೊಂಡಿದ್ದರೆ ಆ ತಪ್ಪು ನಿಮ್ಮದಾಗುತ್ತದೆ. 209ನೇ ಕಲಂನಲ್ಲೇ ಆ ರಿಯಾಯಿತಿಯನ್ನು ಪೊಲೀಸರಿಗೆ ಕೊಟ್ಟಿದ್ದಾರೆ. ಮೊದಲು ಅದನ್ನು ನೋಡಿಕೊಳ್ಳಿ.

ಈಗ ಏನು ಮಾಡಬೇಕು ಅನ್ನುವುದು. ದುಡ್ಡು ಕಟ್ಟಬೇಡಿ. ಕಟ್ಟಿದರೆ ರಾಜಿ ಆಯಿತು, ಕೇಸು ಮುಗಿಯಿತು. ಚಲನ್ ಕೊಟ್ಟ ಠಾಣೆಗೆ ಒಂದು ಪುಟದ ಅರ್ಜಿ ಬರೆಯಿರಿ. ಫೋಟೋದ ಕಲರ್ ಪ್ರಿಂಟ್ ಅಂಟಿಸಿ, ಪ್ಲಸ್ ಗುರುತಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಸುತ್ತು ಹಾಕುವುದು ನಿಮಗೆ ಹೊಸದಲ್ಲವಲ್ಲ! ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಯಂತ್ರದ ಸರ್ಟಿಫಿಕೇಟ್ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಆ ಅರ್ಜಿ 150 ಪದ ಮೀರುವಂತಿಲ್ಲ. ನಿಮ್ಮ ಪತ್ರ ಆರು ಪುಟ ಇತ್ತು, ಅದಕ್ಕೇ ಹೇಳಿದೆ.

ಫಾಸ್ಟ್ಯಾಗ್ ಮೆಸೇಜ್‌ಗಳನ್ನೂ ಕಳಿಸಿದ್ದೀರಿ. ಎರಡು ಟೋಲ್ ನಡುವೆ 52 ಕಿ.ಮೀ., ತೆಗೆದುಕೊಂಡಿದ್ದು 41 ನಿಮಿಷ. ಸರಾಸರಿ 76 ಬರುತ್ತದೆ. ಒಳ್ಳೆಯದೇ. ಆದರೆ ಸರಾಸರಿ 76 ಇದ್ದ ಮಾತ್ರಕ್ಕೆ ನಡುವೆ ಒಂದು ಕಡೆ 118 ಹೋಗಿಲ್ಲ ಅಂತ ಆಗುವುದಿಲ್ಲ. ಗಣಿತದ ಮೇಷ್ಟ್ರಾದರೆ ನಿಮಗೇ ಗೊತ್ತು. ಫೋಟೋ ಮುಂದೆ, ಇದು ಹಿಂದೆ. ನಿಮ್ಮ ಮನೆಯವರ ಸಾಕ್ಷಿ ಅದಕ್ಕಿಂತ ಹಿಂದೆ.

ಠಾಣೆಯಲ್ಲಿ ಕೇಳದಿದ್ದರೆ ಮುಂದಿನ ದಾರಿ ಕೋರ್ಟು. ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನ್ ಕೋರ್ಟಿಗೆ ಹೋಗಿದ್ದರೆ, ಅದರ ವೆಬ್‌ಸೈಟಿನಲ್ಲಿ ನಿಮ್ಮ ಗಾಡಿ ನಂಬರ್ ಹಾಕಿದಾಗ ಕೇಸು ಕಾಣುತ್ತದೆ. ಅಲ್ಲಿ ದಂಡ ಕಟ್ಟುವ ಆಯ್ಕೆ ಇರುತ್ತದೆ, ಕೇಸು ನಡೆಸುತ್ತೇನೆ ಅನ್ನುವ ಆಯ್ಕೆಯೂ ಇರುತ್ತದೆ. ಎರಡನೆಯದನ್ನು ಒತ್ತಿದರೆ ಫೈಲು ಆ ಊರಿನ ಮಾಮೂಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ. ಬೆಂಗಳೂರಿನವರಾಗಿದ್ದರೆ ಮೇಯೊ ಹಾಲ್‌ನ ಟ್ರಾಫಿಕ್ ಕೋರ್ಟು. ನಿಮಗೆ ಘಟನೆ ನಡೆದ ತಾಲ್ಲೂಕಿನದು. ಅಂದ ಹಾಗೆ, ವಾಟ್ಸಾಪಿನಲ್ಲಿ ‘ಚಲನ್’ ಅಂತ ಎಪಿಕೆ ಫೈಲ್ (ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ಕಳ್ಳರದ್ದು.

ಕೋರ್ಟಿನಲ್ಲಿ ಹೆಸರು ಕೂಗಿದಾಗ ಮೊದಲು ಕೇಳುವುದು, ತಪ್ಪು ಒಪ್ಪಿಕೊಳ್ತೀರಾ? ಇದೇ ಜಾಗದಲ್ಲಿ ಜನ ಎಡವುತ್ತಾರೆ. ಹೊರಗೆ ವರಾಂಡದಲ್ಲಿ ಗಂಟೆಗಟ್ಟಲೆ ಕಾದು, ಒಳಗೆ ಬಂದ ಮೇಲೆ ಗಾಬರಿಗೆ ‘ಹೌದು ಸ್ವಾಮಿ, ಆದ್ರೆ ನನ್ನ ಮಗಳಿಗೆ ಹುಷಾರಿರಲಿಲ್ಲ’ ಅಂತ ಶುರು ಮಾಡುತ್ತಾರೆ. ‘ಹೌದು’ ಅಂದಿದ್ದು ಫೈಲಿಗೆ ಹೋಗುತ್ತದೆ. ‘ಆದ್ರೆ’ ಇಂದ ಮುಂದಿನದು ಹೋಗುವುದಿಲ್ಲ. ಅಷ್ಟು ಹೊತ್ತಿಗೆ ಪಕ್ಕದ ಟೇಬಲ್ಲಿನಲ್ಲಿ ರಸೀದಿ ಪುಸ್ತಕ ತೆರೆದಿರುತ್ತದೆ. ನೀವು ಹೇಳಬೇಕಾದ್ದು ಒಂದೇ ವಾಕ್ಯ: ‘ಒಪ್ಪಿಕೊಳ್ಳುವುದಿಲ್ಲ, ಕೇಸು ನಡೆಸುತ್ತೇನೆ.’ ಮುಂದಿನ ತಾರೀಕು ಕೊಡುತ್ತಾರೆ. ಆಮೇಲೆ ಯಂತ್ರದ ಸರ್ಟಿಫಿಕೇಟ್ ಕೇಳಿ. ಫೋಟೋ ಕಂಪ್ಯೂಟರಿನಿಂದ ಬಂದಿದ್ದಕ್ಕೆ ಬೇರೆ ಸರ್ಟಿಫಿಕೇಟ್ ಬೇಕು, ಅದನ್ನೂ ಕೇಳಿ. ಮೊದಲೆಲ್ಲ ಅದು ಸಾಕ್ಷ್ಯ ಕಾಯ್ದೆಯ 65ಬಿ ಆಗಿತ್ತು. 2024ರ ಜುಲೈ 1ರಿಂದ ಹೊಸ ಕಾಯ್ದೆಯ 63ನೇ ಕಲಂ. ಈಗ ಅದಕ್ಕೆ ಇಬ್ಬರ ಸಹಿ ಬೇಕು, ಯಂತ್ರದ ಉಸ್ತುವಾರಿಯವರದ್ದು ಒಂದು, ತಜ್ಞರದ್ದು ಒಂದು.

ಇಷ್ಟೆಲ್ಲ ಹೇಳಿ ಲೆಕ್ಕ ಹೇಳದಿದ್ದರೆ ಮೋಸವಾಗುತ್ತದೆ. ದಂಡ ಸಾವಿರ. ಸೋತರೆ ಕೋರ್ಟು ಎರಡು ಸಾವಿರದವರೆಗೆ ಹಾಕಬಹುದು. ಮೂರ್ನಾಲ್ಕು ತಾರೀಕಿಗೆ ಬಸ್ಸು, ಊಟ, ವಕೀಲರ ಫೀಸು ಸೇರಿಸಿದರೆ ದಂಡಕ್ಕಿಂತ ಜಾಸ್ತಿ. ನಿಮ್ಮ ಮಗ ಹೇಳಿದ್ದು ದಡ್ಡ ಮಾತಲ್ಲ. ಆದರೆ ಎರಡನೇ ಸಲವೂ ಇದೇ ತಪ್ಪು ದಾಖಲಾದರೆ ಲೈಸೆನ್ಸ್ ತೆಗೆದಿಟ್ಟುಕೊಳ್ಳುವ ಅಧಿಕಾರ ಇದೆ. 2024ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುತ್ತಿದ್ದಾರೆ. ಅದರಲ್ಲಿ ಆರು ತಿಂಗಳವರೆಗೆ ಜೈಲು ಕೂಡ ಇದೆ. ನಿಮ್ಮ ಪಕ್ಕ ಓವರ್‌ಟೇಕ್ ಮಾಡಿದವನು ಇನ್ನೂ ಹದಿಮೂರು ಕಿ.ಮೀ. ಜಾಸ್ತಿ ಒತ್ತಿದ್ದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು. ಹಾಗಾಗಿ ನಾನಾಗಿದ್ದರೆ ಠಾಣೆಯ ಅರ್ಜಿಯನ್ನಂತೂ ಬಿಡುತ್ತಿರಲಿಲ್ಲ. ಕೋರ್ಟಿನ ಮಾತು ಆಮೇಲೆ.

ಎರಡು ವರ್ಷದ ಹಿಂದೆ ನನಗೂ ಒಂದು ಚಲನ್ ಬಂದಿತ್ತು. ಬೇರೆಯವರ ಸ್ಪೀಡ್ ಕೇಸಿಗೆ ತಡವಾಯಿತು ಅಂತ ಹೋಗುವಾಗ ಬಂದಿದ್ದು. ಪ್ಲಸ್ ಗುರುತು ಹುಡುಕಿದೆ. ಸರಿಯಾಗಿ ನನ್ನ ಗಾಜಿನ ಮೇಲಿನ ‘ಅಡ್ವೊಕೇಟ್’ ಸ್ಟಿಕ್ಕರ್ ಮೇಲೇ ಕೂತಿತ್ತು. ಕಟ್ಟಿದೆ.

ಪ್ರಶ್ನೆ: 2025ರಲ್ಲಿ ಅರ್ಧ ದಂಡದ ರಿಯಾಯಿತಿ ಬಿಟ್ಟಾಗ ನನ್ನ ಸ್ಕೂಟರ್ ಮೇಲಿದ್ದ ನಾಲ್ಕು ಕೇಸನ್ನೂ ಒಟ್ಟಿಗೆ ಕಟ್ಟಿಬಿಟ್ಟೆ. ಈಗ ಫೋಟೋ ನೋಡಿದರೆ ಒಂದರಲ್ಲಿರುವುದು ನನ್ನ ಸ್ಕೂಟರೇ ಅಲ್ಲ, ಯಾರದ್ದೋ ಬೈಕು. ದುಡ್ಡು ವಾಪಸ್ ಬರುತ್ತಾ?
– ಓದುಗರು, ಬೆಂಗಳೂರು

ಉತ್ತರ: ಆ ದುಡ್ಡಿನ ಆಸೆ ಬಿಡಿ. ಕಟ್ಟಿದ ಮೇಲೆ ಕೇಸು ಮುಚ್ಚಿದ ಹಾಗೆ. ಆದರೆ ನಿಮ್ಮ ನಂಬರ್ ಹಾಕಿಕೊಂಡು ಒಂದು ಬೈಕು ಊರಲ್ಲಿ ಓಡಾಡುತ್ತಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ನಾಳೆ ಅದು ಯಾರಿಗಾದರೂ ಗುದ್ದಿ ಓಡಿಹೋದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆ ಬಾಗಿಲಿಗೆ. ಆಗ ಗಾಡಿ ಓಡಿಸಿದ್ದು ಯಾರು ಅಂತ ಹೇಳುವ ಹೊಣೆ ಮಾಲೀಕರದ್ದು, 133ನೇ ಕಲಂ ಹಾಗೇ ಹೇಳುತ್ತದೆ. ಈ ವಾರವೇ ಠಾಣೆಗೆ ಹೋಗಿ ನಕಲಿ ನಂಬರ್ ಪ್ಲೇಟ್ ಅಂತ ದೂರು ಕೊಡಿ. ಫೋಟೋ, ನಿಮ್ಮ ಆರ್‌ಸಿ, ಸ್ಕೂಟರಿನ ನಾಲ್ಕೂ ಕಡೆಯ ಫೋಟೋ ಜೊತೆಗಿರಲಿ. ಸ್ವೀಕೃತಿ ಇಸ್ಕೊಳ್ಳದೆ ಬರಬೇಡಿ.

ಪ್ರಶ್ನೆ: ಅಕ್ಕಾರ, ನನ್ನ ಮಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದ್ದಾನ್ರೀ. ಸ್ಪೀಡ್ ಹೋದ ಅಂತ ಪೊಲೀಸರು ಟಿಕೆಟ್ ಕೊಟ್ಟಾರಂತ. ಕೋರ್ಟಿನ್ಯಾಗ ಹೊಡೆದಾಡ್ತೀನಿ ಅಂತಾನ. ನನಗ ರಾತ್ರಿ ನಿದ್ದಿ ಬರವಲ್ದು. ಜೈಲಿಗೆ ಹಾಕ್ತಾರೇನ್ರೀ?
– ಓದುಗರು, ಧಾರವಾಡ

ಉತ್ತರ: ಇಲ್ಲ ಅಮ್ಮಾ, ನೆಮ್ಮದಿಯಾಗಿ ಮಲಗಿ. ಬರೀ ಸ್ಪೀಡ್ ಟಿಕೆಟ್ ಆಗಿದ್ದರೆ ಅಲ್ಲಿ ಅದನ್ನು ಇನ್‌ಫ್ರಾಕ್ಷನ್ ಅನ್ನುತ್ತಾರೆ. ಅದಕ್ಕೆ ದಂಡ ಇದೆ, ಜೈಲಿಲ್ಲ. ಆದರೆ ಟಿಕೆಟ್ಟಿನಲ್ಲಿ ಬರೆದ ತಾರೀಕಿನೊಳಗೆ ಉತ್ತರ ಕೊಡದೆ ಸುಮ್ಮನೆ ಕೂರಬಾರದು.

ನಾನು ಅಲ್ಲಿನ ವಕೀಲಳಲ್ಲ. ನನ್ನ ತಂಗಿ ಮಗ ಅಲ್ಲೇ ಇದ್ದಾನೆ, ಅವನ ಕೇಸಿನ ಕಾಗದಗಳನ್ನು ಓದಿ ತಿಳಿದುಕೊಂಡಿದ್ದು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಕಾಲಿಡದೆ, ಬರೆದು ಕಳಿಸಿಯೇ ವಿಚಾರಣೆ ನಡೆಸಬಹುದು. ಟಿಆರ್-205 ಅನ್ನುವ ಫಾರಂ. ದಂಡದ ಮೊತ್ತ ಮೊದಲೇ ಕಟ್ಟಬೇಕು, ಗೆದ್ದರೆ ವಾಪಸ್. ಟಿಕೆಟ್ ಕೊಟ್ಟ ಪೊಲೀಸ್ ಕೂಡ ಬರೆದು ಕಳಿಸುತ್ತಾರೆ. ಎರಡನ್ನೂ ಓದಿ ತೀರ್ಪು. ಸೋತರೆ ತೀರ್ಪು ಅಂಚೆಗೆ ಹಾಕಿದ 20 ದಿನದೊಳಗೆ ಹೊಸದಾಗಿ ವಿಚಾರಣೆ ಕೇಳಬಹುದು, ಆಗ ಖುದ್ದಾಗಿ ಹೋಗಬೇಕು. ನಮ್ಮ ಹುಡುಗ ಮೊದಲು ನಾಲ್ಕು ಪುಟ ಬರೆದಿದ್ದ. ಮಗುವಿಗೆ ಜ್ವರ, ಆಫೀಸಿನಲ್ಲಿ ಮೀಟಿಂಗು. ನಾನು ಫೋನಿನಲ್ಲೇ ಮೂರು ಪುಟ ಹೊಡೆದು ಹಾಕಿಸಿದೆ.

ಅಲ್ಲೊಂದು ಚಂದದ ವ್ಯತ್ಯಾಸ ಇದೆ. ಫ್ರೀವೇಯಲ್ಲಿ 65 ಮೈಲಿ ದಾಟಿದರೆ ದಾಟಿದ್ದೇ ತಪ್ಪು, ನಮ್ಮ ಹಾಗೆ. ಆದರೆ ಊರೊಳಗಿನ ಎಷ್ಟೋ ರಸ್ತೆಗಳಲ್ಲಿ ‘ಬೋರ್ಡಿಗಿಂತ ಜಾಸ್ತಿ ಹೋಗಿದ್ದೆ, ಆದರೆ ಆ ಹೊತ್ತಿನ ಟ್ರಾಫಿಕ್ಕಿಗೆ, ರಸ್ತೆಗೆ ಅದು ಸುರಕ್ಷಿತವೇ ಆಗಿತ್ತು’ ಅಂತ ವಾದ ಮಾಡಲು ಕಾನೂನಿನಲ್ಲೇ ಜಾಗ ಇದೆ. ರೇಡಾರಿನಲ್ಲಿ ಹಿಡಿದಿದ್ದರೆ ಆ ರಸ್ತೆಯ ವೇಗಮಿತಿಗೆ ಆಧಾರವಾದ ಟ್ರಾಫಿಕ್ ಸರ್ವೆ ಅವಧಿ ಮೀರಿದ್ದಾ ಅಂತಲೂ ಕೇಳಬಹುದು. ಮೇಷ್ಟ್ರಿಗೆ ಬೇಡ ಅಂದ ‘ರೋಡ್ ಖಾಲಿ ಇತ್ತು’ ಅಲ್ಲಿ ನಡೆದೀತು. ಹೊಡೆದಾಟ ಬೇಡ ಅನ್ನಿಸಿದರೆ, ಅರ್ಹತೆ ಇದ್ದವರಿಗೆ 18 ತಿಂಗಳಿಗೊಮ್ಮೆ ಟ್ರಾಫಿಕ್ ಸ್ಕೂಲ್ ಅನ್ನುವ ತರಗತಿಯ ದಾರಿಯೂ ಇದೆ. ದಂಡ ಕಟ್ಟಬೇಕು, ಆದರೆ ತಪ್ಪಿಗೆ ಲೈಸೆನ್ಸ್ ಮೇಲೆ ಬೀಳುವ ಪಾಯಿಂಟ್ ವಿಮೆ ಕಂಪನಿಗೆ ಕಾಣುವುದಿಲ್ಲ. ಮೊದಲು ಕೇಸು ನಡೆಸಿ ಸೋತು, ಆಮೇಲೆ ಇದನ್ನು ಕೇಳಿದರೆ ಕೊಡುವುದು ಬಿಡುವುದು ಜಡ್ಜ್ ಇಷ್ಟ. ಅದನ್ನು ಮೊದಲೇ ಯೋಚಿಸಲಿ.

ಅಮ್ಮಾ, ಅವನು ಎಷ್ಟು ಸ್ಪೀಡಿನಲ್ಲಿ ಹೋಗುತ್ತಿದ್ದ ಅಂತ ನಿಮಗೆ ಹೇಳಿದ್ದಾನಾ? ಪತ್ರದಲ್ಲಿ ಎಲ್ಲೂ ಇಲ್ಲ.