ಪೆಟ್ರೋಲ್ ಅಳೆದು ಕೊಡಿ, ಎಂಜಿನ್ ಅವರಿಷ್ಟ

ರೇಸಿನಲ್ಲಿ ಎಲ್ಲರಿಗೂ ಒಂದೇ ಥರದ ಎಂಜಿನ್ ಯಾಕೆ, ಬೇರೆ ಬೇರೆ ಬಿಟ್ಟರೆ ಏನು ತೊಂದರೆ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡವನು. ನನ್ನ ಕೇಳಿದರೆ ಬಿಡಬೇಕು. ಆದರೆ ಸಿಸಿ ನೋಡಿ ಅಲ್ಲ, ಪೆಟ್ರೋಲ್ ಅಳೆದು.

ಇದು ಗೊತ್ತಾಗಿದ್ದು ಹುಡುಗನಾಗಿದ್ದಾಗ. ಊರಾಚೆ ಬಯಲಲ್ಲಿ ಬೈಕಿನಲ್ಲಿ ಸುತ್ತು ಹೊಡೆಯುತ್ತಿದ್ದೆವು. ಸೋತವನು ಬೆಣ್ಣೆ ದೋಸೆ ಕೊಡಿಸಬೇಕು. ನನ್ನದು ಟೂ ಸ್ಟ್ರೋಕ್ ಆರ್‌ಎಕ್ಸ್ 100, ಗೆಳೆಯನದು ಫೋರ್ ಸ್ಟ್ರೋಕ್ 100 ಸಿಸಿ. ಸಿಸಿ ಹೆಚ್ಚುಕಮ್ಮಿ ಒಂದೇ. ಆದರೆ ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್, ಅಂದರೆ ಎಂಜಿನ್ ಒಳಗೆ ತಿರುಗುವ ದಂಡ, ಒಂದು ಸಲ ತಿರುಗಿದರೆ ಪೆಟ್ರೋಲ್ ಒಂದು ಸಲ ಉರಿಯುತ್ತದೆ. ಅವನದರಲ್ಲಿ ಎರಡು ಸಲ ತಿರುಗಬೇಕು. ಪಾಪ, ದಿನಾ ನನ್ನ ಹೊಗೆ ಕುಡಿದಿದ್ದೇ ಬಂತು. ಒಂದು ದಿನ ರೇಗಿಬಿಟ್ಟ. "ಟ್ಯಾಂಕ್ ಖಾಲಿ ಮಾಡಿ ಇಬ್ರಿಗೂ ಕಾಲ್ ಲೀಟರ್ ಹಾಕಣ ಲೇ, ಯಾರು ಜಾಸ್ತಿ ಸುತ್ತು ಹೊಡಿತಾರೋ ನೋಡಣ" ಅಂದ. ನಾನು ಎಂದಿನಂತೆ ಮುಂದೆ ಹೋದೆ. ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ಅವನು ಪಕ್ಕದಲ್ಲೇ ಕೈ ಬೀಸಿಕೊಂಡು ಹೋದ. ದೋಸೆ ದುಡ್ಡು ನನ್ನ ತಲೆಗೆ ಬಂತು.

ದೊಡ್ಡವರೂ ಇದನ್ನೇ ಮಾಡಿದ್ದಾರೆ. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ಕಾರ್ ರೇಸ್ ಸೇರಿರುವ, ಗಂಟೆಗಟ್ಟಲೆ ಓಡುವ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ ಮೇಲಿನ ಕ್ಲಾಸಿನಲ್ಲಿ 2014ರಿಂದ ಒಂದು ಸುತ್ತಿಗೆ ಇಷ್ಟೇ ಇಂಧನ ಅಂತ ಮಿತಿ ಹಾಕಿದರು. ಡೀಸೆಲ್‌ಗೆ ಬೇರೆ ಲೆಕ್ಕ, ಪೆಟ್ರೋಲ್‌ಗೆ ಬೇರೆ. ಆಡಿ 4 ಲೀಟರಿನ (ಇಲ್ಲಿ ಲೀಟರ್ ಅಂದರೆ ಎಂಜಿನ್ ಗಾತ್ರ, 4000 ಸಿಸಿ) ಡೀಸೆಲ್ ವಿ6, ಅಂದರೆ ವಿ ಆಕಾರದಲ್ಲಿ ಕೂತ ಆರು ಸಿಲಿಂಡರ್, ತಂದಿತು. ಟೊಯೋಟಾ, ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ 3.7 ಲೀಟರ್ ವಿ8. ಪೋರ್ಷೆ ಬರೀ 2 ಲೀಟರಿನ ಟರ್ಬೊ ವಿ4. ಎಲ್ಲಾ ಹೈಬ್ರಿಡ್, ಅಂದರೆ ಜೊತೆಗೆ ಕರೆಂಟ್ ಮೋಟಾರೂ ಇತ್ತು, ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲ! ಆ ವರ್ಷ ಲೆ ಮಾನ್ಸ್ ಆಡಿಗೆ, ಚಾಂಪಿಯನ್‌ಶಿಪ್ ಟೊಯೋಟಾಗೆ. ಮರುವರ್ಷ ಎರಡೂ ಪೋರ್ಷೆಗೆ. ಇನ್ನೇನು ಬೇಕು ಹೇಳಿ.

ಫಾರ್ಮುಲಾ ಒನ್‌ ಕಾರ್ ರೇಸಿನಲ್ಲಿ ಗಾತ್ರವನ್ನೇ ಕಟ್ಟಿದ್ದರೂ ಬೇರೆ ಬೇರೆ ಎಂಜಿನ್ ಗೆದ್ದಿವೆ. ಟರ್ಬೊ ಇಲ್ಲದ 3.5 ಲೀಟರ್ ಅಂತ ಹೇಳಿ, ಸಿಲಿಂಡರ್ ಎಷ್ಟು ಅನ್ನೋದನ್ನ ಹೆಚ್ಚುಕಮ್ಮಿ ತಂಡಗಳಿಗೇ ಬಿಟ್ಟ ಕಾಲ ಇತ್ತು. 1991ರಲ್ಲಿ ಸೆನ್ನಾ ವಿ12ರಲ್ಲಿ, ಮರುವರ್ಷ ಮ್ಯಾನ್ಸೆಲ್ ವಿ10ರಲ್ಲಿ, 1994ರಲ್ಲಿ ಶುಮಾಕರ್ ವಿ8ರಲ್ಲಿ ಚಾಂಪಿಯನ್ ಆದರು.

ತೊಂದರೆ ಇರುವುದು ಇಂಥ ಎಂಜಿನ್ ಮಾಡಲು ಸುರಿಯಬೇಕಾದ ದುಡ್ಡಿನದು. ಆಡಿ 2016ರ ಕೊನೆಗೆ, ಪೋರ್ಷೆ 2017ರ ಕೊನೆಗೆ ಲೆ ಮಾನ್ಸ್‌ನ ಆ ಮೇಲಿನ ಕ್ಲಾಸ್ ಬಿಟ್ಟು ಹೋದವು. ದೊಡ್ಡ ಕಂಪನಿಗಳಲ್ಲಿ ಟೊಯೋಟಾ ಒಂಟಿಯಾಯಿತು. ಈಗಲೂ ಅಲ್ಲಿ ಥರಾವರಿ ಎಂಜಿನ್ ಇವೆ, ಆದರೆ ಜೋರಾಗಿ ಓಡುವ ಗಾಡಿಗೆ ತೂಕ ಹೇರಿ, ಪವರ್ ಕಮ್ಮಿ ಮಾಡಿ ಸಮ ಮಾಡುತ್ತಾರೆ. ಇದರಿಂದ ಖರ್ಚು ಇಳಿದಿದೆ, ಕಂಪನಿಗಳೂ ವಾಪಸ್ ಬಂದಿವೆ, ಒಪ್ಪುತ್ತೇನೆ. ನನಗೆ ಮಾತ್ರ ಹಿಡಿಸಲಿಲ್ಲ. ನನ್ನ ಗೆಳೆಯ ಅವತ್ತು ಕಾಲು ಲೀಟರ್ ಪೆಟ್ರೋಲ್ ಕೇಳಿದನೇ ಹೊರತು, ನನ್ನ ಬೈಕಿಗೆ ಮರಳಿನ ಚೀಲ ಕಟ್ಟು ಅನ್ನಲಿಲ್ಲ.