ಸೈಬರ್ ಭದ್ರತಾ ಕ್ಷೇತ್ರದಲ್ಲಿ ಯಾರ ಪರಿಚಯವೂ ಇಲ್ಲದವರು ಎಲ್ಲಿಂದ ಆರಂಭಿಸಬೇಕು?

ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಬೆಂಗಳೂರಿಗೆ ಬಂದಿದ್ದೀರಿ, ಸೈಬರ್ ಭದ್ರತೆಯಲ್ಲಿ ಕೆಲಸ ಹುಡುಕುತ್ತಿದ್ದೀರಿ. ಈ ಕ್ಷೇತ್ರದಲ್ಲಿ ಗೊತ್ತಿರುವವರು ಒಬ್ಬರೂ ಇಲ್ಲ, ಲಿಂಕ್ಡ್‌ಇನ್‌ನಲ್ಲಿ ಹಿರಿಯರಿಗೆ ಕಳಿಸಿದ ಸಂದೇಶಗಳಿಗೆ ಉತ್ತರವೂ ಬರುತ್ತಿಲ್ಲ ಎಂದು ಕೇಳಿದ್ದೀರಿ. ನಾನು ಇಲ್ಲಿಯೇ ವೆಬ್ ಅಪ್ಲಿಕೇಶನ್‌ಗಳ ಭದ್ರತಾ ಪರೀಕ್ಷೆಯ ಕೆಲಸ ಮಾಡುತ್ತೇನೆ, ಹೊಸಬರ ಸಂದರ್ಶನಗಳಲ್ಲಿಯೂ ಕೂರುತ್ತೇನೆ. ನನ್ನ ಅನುಭವದಲ್ಲಿ ಇಲ್ಲಿ ಪರಿಚಯ ಬೆಳೆಯುವುದು ನೀವು ಮಾಡಿದ ಕೆಲಸವನ್ನು ನಾಲ್ಕು ಜನ ಕಣ್ಣಾರೆ ಕಂಡ ಮೇಲೆಯೇ.

ಇದಕ್ಕೆ ಕಾರಣವಿದೆ. ನಮ್ಮ ಕೆಲಸದಲ್ಲಿ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳುವುದೆಂದರೆ ಬೇರೆಯವರ ವ್ಯವಸ್ಥೆಯ ದೌರ್ಬಲ್ಯಗಳನ್ನೆಲ್ಲ ಅವರ ಕೈಗೆ ಕೊಟ್ಟಂತೆ. 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಎಕ್ಸ್‌ಝಡ್ ಯುಟಿಲ್ಸ್ ಪ್ರಕರಣವನ್ನೇ ನೋಡಿ; ಇದು ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ತಂತ್ರಾಂಶ. ‘ಜಿಯಾ ಟಾನ್’ ಎಂಬ ಹೆಸರಿನ ಹಿಂದಿದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಮುಕ್ತ ತಂತ್ರಾಂಶಕ್ಕೆ ನೆರವಾಗುತ್ತ, ನಿರ್ವಾಹಕರ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇಟ್ಟರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಗಮನಿಸಿ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಅಪರಿಚಿತರ ಸಂದೇಶಕ್ಕೆ ಹಿರಿಯರು ಥಟ್ಟನೆ ಉತ್ತರಿಸದಿದ್ದರೆ ಅದನ್ನು ಅಹಂಕಾರವೆಂದು ತಿಳಿಯಬೇಡಿ.

ಮೊದಲು ‘ನಲ್’ ಎಂಬ ಸೈಬರ್ ಭದ್ರತಾ ಆಸಕ್ತರ ಸಮುದಾಯದ ಬೆಂಗಳೂರು ಶಾಖೆಯ ಸಭೆಗಳಿಗೆ ಹೋಗಿ. ಪ್ರವೇಶ ಉಚಿತ, ಹಲವು ಸಲ ಓವಾಸ್ಪ್ ಎಂಬ ವೆಬ್ ಭದ್ರತಾ ಸಂಸ್ಥೆಯ ಶಾಖೆಯೊಡನೆ ಜಂಟಿಯಾಗಿಯೇ ನಡೆಯುತ್ತವೆ. ಅಲ್ಲಿ ‘ನ್ಯೂಸ್ ಬೈಟ್ಸ್’ ಎಂಬ ಚಿಕ್ಕ ಅವಧಿಯೊಂದಿರುತ್ತದೆ. ಇತ್ತೀಚಿನ ದಾಳಿ, ದೋಷಗಳ ಸುದ್ದಿಯನ್ನು ಒಬ್ಬರು ವಿವರಿಸುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಕಂಡಿಲ್ಲ. ಒಂದೆರಡು ಸಭೆಗಳಲ್ಲಿ ಕುಳಿತು ಕೇಳಿದ ಮೇಲೆ ಆಯೋಜಕರನ್ನು ಕಂಡು, ‘ಮುಂದಿನ ಸಲ ನ್ಯೂಸ್ ಬೈಟ್ಸ್ ನಾನು ಮಾಡಲೇ?’ ಎಂದು ಕೇಳಿ. ಒಪ್ಪಿದರೆ ಹತ್ತು ತಲೆಬರಹಗಳನ್ನು ಓದಿ ಮುಗಿಸಬೇಡಿ; ಒಂದೇ ದೋಷವನ್ನು ಆರಿಸಿಕೊಂಡು, ನಿಮ್ಮ ಲ್ಯಾಪ್‌ಟಾಪಿನ ವರ್ಚುವಲ್ ಮಷಿನ್‌ನಲ್ಲಿ ಅದನ್ನು ಮರುಸೃಷ್ಟಿಸಿ, ತಿದ್ದುಪಡಿಯಲ್ಲಿ ಯಾವ ಸಾಲು ಬದಲಾಯಿತೆಂದು ತೋರಿಸಿ. ಸಭೆ ಮುಗಿದು ಜನ ಹೊರಗೆ ಕಾಫಿ ಹಿಡಿದು ನಿಂತಾಗ ಅವರಾಗಿಯೇ ನಿಮ್ಮ ಬಳಿ ಬಂದು ಮಾತಾಡಿಸುತ್ತಾರೆ. ಸ್ವಭಾವತಃ ಸಂಕೋಚದವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಗೋವಾದ ನಲ್‌ಕಾನ್, ಕೇರಳ ಪೊಲೀಸರು ಭಾಗಿಯಾಗಿರುವ ಕೊಕಾನ್ ಮುಂತಾದ ಸಮ್ಮೇಳನಗಳಿಗೆ ಆಮೇಲೆ ಹೋಗಬಹುದು. ಯಾರ ಮುಖವೂ ಗೊತ್ತಿಲ್ಲದೆ ಅಷ್ಟು ಖರ್ಚು ಮಾಡಿ ಹೋದರೆ ಸಿಗುವುದು ಕಡಿಮೆ.

ಇನ್ನು ಸಂದೇಶದ ವಿಷಯ. ‘ಸರ್, ದಯವಿಟ್ಟು ಮಾರ್ಗದರ್ಶನ ಮಾಡಿ, ನಿಮ್ಮ ಕಂಪನಿಯಲ್ಲಿ ಓಪನಿಂಗ್ ಇದ್ದರೆ ತಿಳಿಸಿ’ ಎಂದು ಬರೆದರೆ ಓದಿದವರಿಗೆ ಏನು ಉತ್ತರಿಸಬೇಕೆಂದೇ ತೋಚುವುದಿಲ್ಲ. ಬದಲಿಗೆ ನೀವು ಮಾಡಿದ ಅಭ್ಯಾಸದಿಂದಲೇ ಒಂದು ಪ್ರಶ್ನೆ ಕೇಳಿ. ಉದಾಹರಣೆಗೆ, ಪೋರ್ಟ್‌ಸ್ವಿಗರ್ ಅಕಾಡೆಮಿ ವೆಬ್ ಭದ್ರತೆಯನ್ನು ಅಭ್ಯಾಸ ಮಾಡುವ ಜಾಲತಾಣ; ಎಸ್‌ಎಸ್‌ಆರ್‌ಎಫ್ ಎಂದರೆ ಸರ್ವರ್‌ನಿಂದಲೇ ಬೇರೆ ವಿಳಾಸಕ್ಕೆ ವಿನಂತಿ ಕಳಿಸುವಂತೆ ಮಾಡುವ ದೋಷ; 127.0.0.1 ಎಂದರೆ ಆ ಯಂತ್ರದ್ದೇ ವಿಳಾಸ, 127.1 ಅದರ ಚಿಕ್ಕ ರೂಪ; ಡಿಎನ್‌ಎಸ್ ಎಂದರೆ ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ. ಹೀಗೆ ಬರೆದು ನೋಡಿ: ‘ಪೋರ್ಟ್‌ಸ್ವಿಗರ್ ಅಕಾಡೆಮಿಯ ಎಸ್‌ಎಸ್‌ಆರ್‌ಎಫ್ ಲ್ಯಾಬ್‌ನಲ್ಲಿ 127.0.0.1 ಅನ್ನು ತಡೆಯುವ ಫಿಲ್ಟರನ್ನು 127.1 ಎಂದು ಬರೆದು ದಾಟಿದೆ. ವಿಳಾಸವನ್ನು ಐಪಿಗೆ ಪರಿವರ್ತಿಸಿದ ನಂತರವೇ ಪರಿಶೀಲಿಸಿದರೆ ಈ ದಾರಿ ಪೂರ್ತಿ ಮುಚ್ಚುತ್ತದೆಯೇ, ಅಥವಾ ಡಿಎನ್‌ಎಸ್ ಉತ್ತರ ನಡುವೆ ಬದಲಾದರೆ ಮತ್ತೆ ತೆರೆಯುತ್ತದೆಯೇ?’ ಇದನ್ನು ಓದಿದ ಭದ್ರತಾ ಎಂಜಿನಿಯರ್‌ಗೆ ಉತ್ತರಿಸದೆ ಇರುವುದು ಕಷ್ಟ. ಉತ್ತರಕ್ಕೆ ಐದು ನಿಮಿಷ ಸಾಕು. ಉತ್ತರ ಬಂದ ಮೇಲೆ ಅದನ್ನು ಪ್ರಯೋಗಿಸಿ, ಫಲಿತಾಂಶವನ್ನು ಅವರಿಗೇ ತಿಳಿಸಿ. ಹೆಚ್ಚಿನವರು ಧನ್ಯವಾದ ಹೇಳಿ ಅಲ್ಲಿಗೇ ಬಿಡುತ್ತಾರೆ, ಪರಿಚಯ ಗಟ್ಟಿಯಾಗುವುದು ಈ ಎರಡನೆಯ ಪತ್ರದಿಂದ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆಯಿಂದಿರಿ. ಹೆಸರು ಮಾಡುವ ಆತುರದಲ್ಲಿ ಯಾವುದೋ ಸಂಸ್ಥೆಯ ಜಾಲತಾಣವನ್ನು ಅನುಮತಿಯಿಲ್ಲದೆ ಸ್ಕ್ಯಾನ್ ಮಾಡಿ, ದೋಷದ ಸ್ಕ್ರೀನ್‌ಶಾಟನ್ನು ಲಿಂಕ್ಡ್‌ಇನ್‌ಗೆ ಹಾಕುವ ಹುಡುಗರಿದ್ದಾರೆ. ಅನಧಿಕೃತ ಪ್ರವೇಶವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಬರುತ್ತದೆ; ದುರುದ್ದೇಶ ಸಾಬೀತಾದರೆ ಮೂರು ವರ್ಷಗಳವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನಿನ ಮಾತು ಹಾಗಿರಲಿ, ಅಂಥ ಪೋಸ್ಟ್ ಕಂಡ ಯಾವ ತಂಡದ ಮುಖ್ಯಸ್ಥರೂ ನಿಮ್ಮನ್ನು ತಮ್ಮ ಗ್ರಾಹಕರ ವ್ಯವಸ್ಥೆಯ ಹತ್ತಿರ ಬಿಡುವುದಿಲ್ಲ. ದೋಷ ಹುಡುಕಿದವರಿಗೆ ಬಹುಮಾನ ಕೊಡುವ ‘ಬಗ್ ಬೌಂಟಿ’ ಕಾರ್ಯಕ್ರಮವಿರುವ ಸಂಸ್ಥೆಗಳಲ್ಲಿ, ಅವರು ಹಾಕಿರುವ ಮಿತಿಯೊಳಗೇ ಪರೀಕ್ಷಿಸಿ. ಆಕಸ್ಮಿಕವಾಗಿ ಬೇರೆಲ್ಲೋ ದೋಷ ಕಂಡರೆ ಆ ಸಂಸ್ಥೆಗೋ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೋ ವರದಿ ಮಾಡಿ, ಅದು ಸರಿಹೋಗುವವರೆಗೆ ಬಹಿರಂಗಪಡಿಸಬೇಡಿ.

ಕೆಲಸಕ್ಕೆ ಶಿಫಾರಸು ಕೇಳುವುದು ತಪ್ಪಲ್ಲ, ಸ್ವಲ್ಪ ಕಾಲ ಕಳೆದ ಮೇಲೆ ಕೇಳಿ. ಆಗಲೂ ಅವರ ಸಂಸ್ಥೆಯ ನಿರ್ದಿಷ್ಟ ಹುದ್ದೆಯ ಕೊಂಡಿ, ಆ ಹುದ್ದೆಗೆ ಹೊಂದುವ ನಿಮ್ಮ ಒಂದೆರಡು ಬರಹಗಳು ಮತ್ತು ಗಿಟ್‌ಹಬ್ ವಿಳಾಸವನ್ನು ಒಂದೇ ಪತ್ರದಲ್ಲಿ ಕಳಿಸಿ. ಅವರು ಅದನ್ನು ಹಾಗೆಯೇ ತಮ್ಮ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡುವಂತಿರಲಿ.