ಆರೋಗ್ಯ ಪ್ರಶ್ನೋತ್ತರ: ಮಳೆಗಾಲದಲ್ಲಿ ಮನೆಯ ವೆಂಟಿಲೇಟರ್

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಉಸಿರಾಟದ ಸ್ನಾಯುಗಳು ಸೋತಿರುವುದರಿಂದ, ಮಂಗಳೂರಿನ ವೈದ್ಯರ ಸಲಹೆಯಂತೆ ರಾತ್ರಿ ಮಾಸ್ಕ್ ಹಾಕಿ ಸಣ್ಣ ವೆಂಟಿಲೇಟರ್ ಬಳಸುತ್ತಿದ್ದೇವೆ. ಮಳೆ ಹಿಡಿದಂದಿನಿಂದ ಟ್ಯೂಬಿನಲ್ಲಿ ಗುಳುಗುಳು ಸದ್ದಾಗುತ್ತದೆ, ನಡುರಾತ್ರಿ ಅಲಾರಂ ಕೂಗುತ್ತದೆ. ಮಾಸ್ಕಿನ ಸಣ್ಣ ತೂತುಗಳಿಂದ ಗಾಳಿ ಪೋಲಾಗುತ್ತಿದೆ, ಅವುಗಳನ್ನು ಮುಚ್ಚಬಹುದೇ? ಕರೆಂಟು ಹೋದರೆ ಮನೆಯ ಹಳೆಯ ಇನ್ವರ್ಟರ್ ಸಾಕೇ?
– ಓದುಗರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಆ ತೂತುಗಳನ್ನು ದಯವಿಟ್ಟು ಮುಚ್ಚಬೇಡಿ. ಒಂದೇ ಟ್ಯೂಬಿನ ಯಂತ್ರದಲ್ಲಿ ತಂದೆಯವರು ಹೊರಬಿಡುವ ಉಸಿರು ಹೋಗುವ ದಾರಿಯೇ ಅದು. ಅಂಟುಪಟ್ಟಿ ಹಚ್ಚಿದರೆ, ಅಥವಾ ಚಳಿಯೆಂದು ಕಂಬಳಿಯನ್ನು ಮೂಗಿನವರೆಗೆ ಎಳೆದರೂ, ಬಿಟ್ಟ ಇಂಗಾಲದ ಡೈಆಕ್ಸೈಡನ್ನೇ ಅವರು ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಬೆಳಗ್ಗೆ ತಲೆನೋವು, ಹಗಲೆಲ್ಲ ಮಂಪರು ಕಂಡರೆ ಈ ಸಂಶಯ ನಿಮಗೆ ಮೊದಲು ಬರಬೇಕು. ಸರಿಪಡಿಸಬೇಕಾದ ಸೋರಿಕೆ ಮಾಸ್ಕಿನ ಅಂಚಿನದು. ರಾತ್ರಿ ಹಲ್ಲಿನ ಸೆಟ್ಟು ತೆಗೆದಾಗ ಕೆನ್ನೆ ಒಳಗಿಳಿದು ಸಂದು ಬೀಳುವುದುಂಟು. ಆದರೆ ಪಟ್ಟಿಯನ್ನು ಬಿಗಿದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಮೂಗಿನ ಮೇಲೆ ಹುಣ್ಣಾದರೆ ಮಾಸ್ಕ್ ಹಾಕುವುದೇ ಕಷ್ಟವಾಗುತ್ತದೆ.

ಗುಳುಗುಳು ಸದ್ದಿಗೆ ಕಾರಣ, ಗಾಳಿಗೆ ತೇವ ಸೇರಿಸುವ ನೀರಿನ ಭಾಗವಾದ ಹ್ಯುಮಿಡಿಫೈಯರಿನಿಂದ ಬರುವ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಟ್ಯೂಬಿಗೆ ತಾಗಿ ನೀರಾಗುವುದು. ಯಂತ್ರವನ್ನು ಮಂಚಕ್ಕಿಂತ ತಗ್ಗಿನಲ್ಲಿಡಿ, ಟ್ಯೂಬಿನ ಮೇಲೆ ಫ್ಯಾನಿನ ಗಾಳಿ ಬೀಸದಂತೆ ನೋಡಿಕೊಳ್ಳಿ, ಅದಕ್ಕೆ ಬಟ್ಟೆಯ ಹೊದಿಕೆ ಹಾಕಿ. ನಿಂತ ನೀರನ್ನು ಟ್ಯೂಬು ಕಳಚಿ ಪಾತ್ರೆಗೆ ಸುರಿಯಬೇಕು. ಎತ್ತಿ ಅಲುಗಿಸಿದರೆ ಅದು ಮಾಸ್ಕಿನ ಕಡೆಗೆ ಹರಿದೀತು. ಹ್ಯುಮಿಡಿಫೈಯರಿಗೆ ಬಾವಿಯ ನೀರು ಬೇಡ, ಕುದಿಸಿದ್ದೂ ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು.

ಅಲಾರಂ ಕೂಗಿದಾಗ ಪರದೆಯ ಅಕ್ಷರ ಓದುವ ಮೊದಲು ತಂದೆಯವರ ಮುಖ ನೋಡಿ. ತುಟಿ ನೀಲಿಯಾಗಿದ್ದರೆ ಅಥವಾ ಅವರು ಏದುಸಿರು ಬಿಡುತ್ತಿದ್ದರೆ ತಲೆಯ ಭಾಗ ಎತ್ತರಿಸಿ, ಯಂತ್ರದಿಂದ ಗಾಳಿ ಬರುತ್ತಿಲ್ಲವೆಂದಾದರೆ ಮಾಸ್ಕ್ ತೆಗೆದು ಅಂಬು ಬ್ಯಾಗಿನಿಂದ (ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ) ಉಸಿರು ಕೊಡಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಅವರು ಆರಾಮವಾಗಿದ್ದರೆ ಮಾತ್ರ ಕಾರಣ ಹುಡುಕಿ: ಪರದೆ ಒತ್ತಡ ಕಡಿಮೆಯೆಂದು ತೋರಿಸಿದರೆ ಮಾಸ್ಕ್ ಜಾರಿರಬಹುದು, ಟ್ಯೂಬಿನ ತುದಿ ಸಡಿಲಾಗಿರಬಹುದು; ಒತ್ತಡ ಹೆಚ್ಚೆಂದು ತೋರಿಸಿದರೆ ಟ್ಯೂಬು ಮಡಚಿರಬಹುದು, ನೀರೋ ಕಫವೋ ಕಟ್ಟಿರಬಹುದು. ವೈದ್ಯರು ಹೊಂದಿಸಿಕೊಟ್ಟ ಒತ್ತಡವನ್ನು ಮನೆಯಲ್ಲಿ ಬದಲಿಸಬೇಡಿ. ಈ ಕಾಯಿಲೆಯಲ್ಲಿ ತಾವಾಗಿಯೇ ಆಕ್ಸಿಜನ್ ಹಚ್ಚುವುದೂ ಅಪಾಯಕಾರಿ. ಬೆರಳಿನ ಆಕ್ಸಿಮೀಟರಿನ ಅಂಕಿ ಚೆನ್ನಾಗಿ ಕಂಡರೂ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು.

ಯಂತ್ರದೊಳಗೆ ಹೋಗುವ ಗಾಳಿಯನ್ನು ಸೋಸುವ ಫಿಲ್ಟರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಡಿಕೆ ಸುಲಿಯುವ ಧೂಳು, ಬಚ್ಚಲೊಲೆಯ ಹೊಗೆ ಇರುವ ಮನೆಗಳಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ತೊಳೆಯಬಹುದಾದ ಫಿಲ್ಟರನ್ನೂ ಪೂರ್ತಿ ಒಣಗಿಸಿಯೇ ಹಾಕಬೇಕು; ಆಟಿ ತಿಂಗಳ ಮಳೆಯಲ್ಲಿ ಅದು ಒಣಗುವುದು ಯಾವಾಗ? ಹಾಗಾಗಿ ಒಂದು ಜೋಡಿ ಹೆಚ್ಚಿಗೆ ಇರಲಿ.

ಹಳೆಯ ಇನ್ವರ್ಟರ್ ಒರಟು ಅಲೆಯ ಕರೆಂಟು ಕೊಡುವ ಸ್ಕ್ವೇರ್ ವೇವ್ ಮಾದರಿಯದಾದರೆ ಅದನ್ನು ನೆಚ್ಚಬೇಡಿ, ಇಂಥ ಯಂತ್ರಕ್ಕೆ ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಬೇಕು. ಬ್ಯಾಟರಿಯಲ್ಲಿ ನಡೆಸುವಾಗ ಹ್ಯುಮಿಡಿಫೈಯರಿನ ಹೀಟರ್ ಆರಿಸಿ, ಚಾರ್ಜನ್ನು ಹೆಚ್ಚು ತಿನ್ನುವುದು ಅದೇ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದನ್ನು ಹಗಲಿನಲ್ಲಿ, ಮನೆಯಲ್ಲಿ ಜನರಿರುವಾಗಲೇ ಪರೀಕ್ಷಿಸಿ ಬರೆದಿಡಿ. ಅಂಬು ಬ್ಯಾಗ್ ಒತ್ತುವ ಕ್ರಮವನ್ನು ದೀರ್ಘ ಕಾಯಿಲೆಯವರ ಆರೈಕೆಗೆ ಮನೆಗೆ ಬರುವ ನಿಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದಾಗ ಒಬ್ಬರಲ್ಲ, ಕನಿಷ್ಠ ಇಬ್ಬರು ಕಲಿತುಕೊಳ್ಳಿ. ರಾತ್ರಿ ಪಾಳಿಯಲ್ಲಿ ಯಾರು ಎಚ್ಚರವಿರುತ್ತಾರೋ ಅವರು ಆ ಇಬ್ಬರಲ್ಲಿ ಒಬ್ಬರಾಗಿರಬೇಕು.